ಅವ್ವ ಕೇಳಿದ ದೊಡ್ಡ ಮಂತ್ರ

ಇದ್ದಿಲಿನ ಬಸ್ಸು ಕೆಮ್ಮುತ್ತಾ ಬೀದಿಯ ತಿರುವಿನಲ್ಲಿ ನಿಂತಿತು, ಇಲ್ಲ, ನಿಲ್ಲಲಿಲ್ಲ, ಮುಂದಕ್ಕೆ ಹೋಯಿತು, ಹಾಗಾದರೆ ಕಟ್ಟಾಯದ ಜಂಗಮ ಗಂಗಯ್ಯನವರು ಇದರಲ್ಲೂ ಬರಲಿಲ್ಲ — ಯುದ್ಧ ಬಂದು ಪೆಟ್ರೋಲು ಹೋಯಿತು, ಪೆಟ್ರೋಲು ಹೋಗಿ ಅಯ್ಯನವರ ಬರವೂ ಹೋಯಿತು, ಕೊನೆಗಾಲದಲ್ಲಿ ಅವ್ವನ ಕಿವಿಯಲ್ಲಿ ಮಂತ್ರ ಹೇಳುವವರು ಇನ್ಯಾರು, ಉಸಿರು ಎಳೆದೆಳೆದು ಬರುತ್ತಿದೆ, ಅಕ್ಕ ಸುವರ್ಣಮ್ಮ ಅವಳ ಹಣೆಗೆ ವಿಭೂತಿ ಹಚ್ಚುತ್ತಾ ನನ್ನನ್ನೇ ನೋಡುತ್ತಾಳೆ, ಓಗ್ಲಿ ಬುಡು, ಅಯ್ಯನೋರು ಯಾಕೆ, ನನ್ ಮಗ ಪಾಲಾಕ್ಷ ಅವ್ನಲ್ವಾ, ಅನ್ನುತ್ತಾಳೆ ಅವ್ವ, ದಿನಾ ಬೆಳಿಗ್ಗೆ ಲಿಂಗ ಕೈಲಿಟ್ಕಂಡು ಅಂತಿದ್ದೆಯಲ್ಲಪ್ಪ, ಅದ್ನೇ ಅನ್ನು, ಕೇಳ್ಕಂಡೇ ಓಯ್ತೀನಿ — ಅಯ್ಯೋ ಅವ್ವ, ಅದು ಮಂತ್ರವಲ್ಲ, ಡಿಕ್ಷನರಿ, ಕಚೇರಿಯಲ್ಲಿ ಶಿರಸ್ತೇದಾರರು ಎಲ್ಲರ ಎದುರಿಗೇ ಅಂದಿದ್ದರು, ಈ ಇಂಗ್ಲಿಷು ಇಟ್ಕೊಂಡು ಸಾಯೋವರೆಗೂ ನಕಲು ಗುಮಾಸ್ತನಾಗೇ ಇರ್ತೀಯ ಕಣಯ್ಯ, ದೊಡ್ಡ ಪದ ಕಲಿ, ಅವಮಾನದಿಂದ ಕಿವಿ ಉರಿದಿತ್ತು, ಆದರೆ ಕಲಿಯುವುದೆಲ್ಲಿ, ಮನೆಯಲ್ಲಿ ಕೂತರೆ ನೀರು ಸೇದು, ಹಸು ಕಟ್ಟು, ಪೂಜೆಗೆ ಕೂತವನನ್ನು ಮಾತ್ರ ಯಾರೂ ಕರೆಯುವುದಿಲ್ಲ, ಎಡಗೈಯಲ್ಲಿ ಲಿಂಗ, ಕಣ್ಣು ಮುಚ್ಚಿ, ಡಿಕ್ಷನರಿಯಿಂದ ಕಲಿತ ಪದಗಳೆಲ್ಲ ದಿನವೂ ಸಾಲಾಗಿ ಬಾಯಿಪಾಠ, ಎಂಥ ಜಾಣ ನಾನು, ಶಿವನನ್ನೇ ಕಾವಲಿಗೆ ಕೂರಿಸಿಕೊಂಡ ಜಾಣ — ಕಿವಿಗೆ ಬಗ್ಗಿ ಓಂ ನಮಃ ಶಿವಾಯ ಅಂದೆ, ಅವ್ವ ತಲೆ ಅಲ್ಲಾಡಿಸುತ್ತಾಳೆ, ಅದು ನಂಗೂ ಬತ್ತದೆ ಕಣ್ಲಾ, ನಿನ್ ದೊಡ್ ಮಂತ್ರ ಅನ್ನು, ನಿಜ ಹೇಳಿಬಿಡಲೇ, ಹೇಳಿದರೆ ಇಷ್ಟು ವರ್ಷ ಅವ್ವ ಬೀದಿಯ ಹೆಂಗಸರೆದುರು ಮಗನ ಭಕ್ತಿ ಹೇಳಿಕೊಂಡು ಬೀಗಿದ್ದೆಲ್ಲ ಈ ಗಳಿಗೆಯಲ್ಲಿ ಮಣ್ಣುಪಾಲು, ಹೇಳದಿದ್ದರೆ ಹೆತ್ತವಳನ್ನು ಇಂಗ್ಲಿಷ್ ಬಾಯಿಪಾಠ ಒಪ್ಪಿಸಿ ಶಿವನ ಹತ್ತಿರ ಕಳಿಸಿದ ಮಗ, ಹೆದರಿಕೆಯಾಗುತ್ತದೆ, ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ, ಬ್ಯಾಗ ಅನ್ನಪ್ಪ, ಅನ್ನುತ್ತಾಳೆ ಅವ್ವ, ಮ್ಯಾಗ್ನಾನಿಮಸ್, ಅಂದೆ, ಅವಳ ಹುಬ್ಬಿನ ಗಂಟು ಸಡಿಲವಾಯಿತು, ಮ್ಯಾಲಿಯಬಲ್, ಮ್ಯಾನಿಫೋಲ್ಡ್, ಮುಂದಿನದು ಏನು, ಬರುತ್ತಿಲ್ಲ, ಏನದು, ಬಾಗಿಲ ಹಿಂದೆ ನಿಂತು ದಿನವೂ ಕೇಳಿಸಿಕೊಂಡ ಅವ್ವ ತಾನೇ ಹೇಳಿದಳು, ಮೆಲಂಕಲೀ, ಸ್ಪಷ್ಟವಾಗಿ, ಕೈ ಮುಗಿದುಕೊಂಡು, ಆಮೇಲಿನದಕ್ಕೆ ನನ್ನ ಬಾಯನ್ನೇ ನೋಡುತ್ತಾಳೆ, ತನ್ನ ತುಟಿ ಎರಡನ್ನೂ ಕೂಡಿಸಿ, ಅದೂ ಮ ಎಂದೇ ಶುರುವಾಗುತ್ತದೆಂದು ಅವಳಿಗೆ ಗೊತ್ತು, ಹೇಳುತ್ತೇನೆ ಅವ್ವ, ಇರು, ಹೇಳುತ್ತೇನೆ, ಆ ತುಟಿ, ವಿಭೂತಿ ಉದುರಿ ಬೆಳ್ಳಗಾದ ತುಟಿ, ಬಿಚ್ಚುತ್ತಿಲ್ಲ, ಮ ಅನ್ನಲು ಕೂಡಿಸಿದ ತುಟಿ, ಕೂಡಿಸಿದ ತುಟಿ