ಕುರ್ಚಿಯಲ್ಲಿ ಮೊದಲು ಕೂತವಳು

ಫೋನಕ್ಕನಿಗೆ ತನ್ನ ತಾಯಿಯ ಮುಖ ಗೊತ್ತಿರಲಿಲ್ಲ. ಅವಳಿಗೆ ಮೂರು ತುಂಬುವ ಮೊದಲೇ ತಾಯಿ ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಫೋಟೋ ಎಂದರೆ ದೊಡ್ಡವರ ಮನೆಯ ವಿಷಯ ಎಂಬಂತಿದ್ದ ಕಾಲ ಅದು. ಮನೆಯಲ್ಲಿ ಉಳಿದದ್ದು ಯಾರದೋ ಮದುವೆಯ ಒಂದು ಗ್ರೂಪ್ ಫೋಟೋ ಮಾತ್ರ. ಅದರಲ್ಲೂ ಒಬ್ಬ ದಡೂತಿ ಮಾವ ಸರಿಯಾಗಿ ಅಮ್ಮನ ಮುಂದೆಯೇ ಬಂದು ನಿಂತು, ಸಾಲದ್ದಕ್ಕೆ ಎದೆಯನ್ನೂ ಉಬ್ಬಿಸಿ, ಅವಳನ್ನು ಪೂರ್ತಿ ಮರೆಮಾಡಿಬಿಟ್ಟಿದ್ದ. ಅವನ ಭುಜದ ಮೇಲೆ ಕಾಣುತ್ತಿದ್ದದ್ದು ಒಂದು ಕಿವಿ. ಮಗಳ ಪಾಲಿಗೆ ಬಂದದ್ದು ಅಷ್ಟೇ. ಆ ಮಾವ ಸತ್ತು ಎಷ್ಟೋ ವರ್ಷವಾಗಿದೆ, ಆದರೂ ಫೋನಕ್ಕ ಅವನನ್ನು ಇನ್ನೂ ಕ್ಷಮಿಸಿಲ್ಲ.

ಸಾಕಿದವಳು ಚಿಕ್ಕಮ್ಮ. ತಾಯಿ ಹೋದ ಮೊದಲ ದಿನಗಳಲ್ಲಿ ಮಗು ಅತ್ತೂ ಅತ್ತೂ ಗಂಟಲು ಕಟ್ಟಿಸಿಕೊಂಡಾಗ, ಚಿಕ್ಕಮ್ಮ ದಿಕ್ಕು ತೋಚದೆ ಗೋಡೆಯ ಕಡೆ ಕೈ ತೋರಿಸಿದ್ದಳು. ಅಲ್ಲೊಂದು ಕಟ್ಟು ಹಾಕಿದ ಫೋಟೋ ಇತ್ತು. ಕುರ್ಚಿಯಲ್ಲಿ ಕೂತು ಸ್ವಲ್ಪ ಪಕ್ಕಕ್ಕೆ ತಿರುಗಿ ನಗುತ್ತಿರುವ ಚೆಲುವೆ. "ನೋಡು ಪುಟ್ಟಿ, ಅಮ್ಮ ಅಲ್ಲೇ ಇದ್ದಾಳೆ, ನಗ್ತಿದ್ದಾಳೆ ನೋಡು." ಪುಟ್ಟಿ ಅಳು ನಿಲ್ಲಿಸಿದಳು. ಅಂದಿನಿಂದ ಆಟಕ್ಕೆ ಹೋಗುವಾಗ, ಶಾಲೆಗೆ ಹೋಗುವಾಗ, ಗೋಡೆಯ ಕಡೆ ತಿರುಗಿ "ಹೋಗ್ ಬರ್ತೀನಮ್ಮ" ಎನ್ನುವುದು ರೂಢಿಯಾಯಿತು.

ಎಂಟನೇ ವಯಸ್ಸಿನಲ್ಲಿ ಒಂದು ಸಂಜೆ ಅವಳು ಏದುಸಿರು ಬಿಡುತ್ತಾ ಮನೆಗೆ ಓಡಿ ಬಂದಳು. "ಚಿಕ್ಕಮ್ಮಾ, ಟಾಕೀಸಿನ ಗೋಡೆ ಮೇಲೆ ಅಮ್ಮ ಇದ್ದಾಳೆ! ಯಾರೋ ಮೀಸೆಯವನು ಅವಳ ಹೆಗಲ ಮೇಲೆ ಕೈ ಹಾಕಿದ್ದಾನೆ!" ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುನಗುತ್ತಲೇ ಅಳತೊಡಗಿದಳು, ಕೊನೆಗೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ನಿಜ ಹೇಳಿದಳು. ಅದು ಅಮ್ಮನಲ್ಲ. ಸಿನಿಮಾ ನಟಿ, ಊರಿಗೆಲ್ಲ ಗೊತ್ತಿರುವವಳು. ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದ ಅಮ್ಮ ಎಲ್ಲಿಂದಲೋ ಆ ಫೋಟೋ ತಂದು ತೂಗುಹಾಕಿದ್ದಳು. ಎಲ್ಲಿಂದ ಎಂದು ಚಿಕ್ಕಮ್ಮನಿಗೂ ಗೊತ್ತಿರಲಿಲ್ಲ.

ಪುಟ್ಟಿ ಎರಡು ದಿನ ಗೋಡೆಯ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಮತ್ತೆ "ಹೋಗ್ ಬರ್ತೀನಮ್ಮ" ಎಂದಳು. ಇನ್ನೇನು ತಾನೇ ಹೇಳಿಯಾಳು? ಬಾಯಿಗೆ ಬೇರೆ ಮಾತೇ ಬರುತ್ತಿರಲಿಲ್ಲ.

ಪುಟ್ಟಿ ಬೆಳೆದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆದಳು, ಫೋನಕ್ಕ ಆದಳು. ಊರಿಗೆಲ್ಲ ಅವಳ ದನಿ ಗೊತ್ತು, ಮುಖ ಗೊತ್ತಿಲ್ಲ. ತರಕಾರಿ ಅಂಗಡಿಯಲ್ಲಿ ಅವಳು ಬಾಯಿ ತೆಗೆದರೆ ಪಕ್ಕದವರು "ಅರೆ, ಟ್ರಂಕ್ ಕಾಲ್!" ಎಂದು ತಿರುಗಿ ನೋಡುತ್ತಿದ್ದರು. ಮದುವೆ, ಮಕ್ಕಳು, ಮೊಮ್ಮಕ್ಕಳು, ನಿವೃತ್ತಿ ಎಲ್ಲ ಆಯಿತು. ಮನೆ ಬದಲಾದಾಗಲೆಲ್ಲ ನಟಿಯೂ ಜೊತೆಗೆ ಬಂದಳು.

ಮೊನ್ನೆ ಗೋಡೆಗೆ ಬಣ್ಣ ಹೊಡೆಯಲು ಬಂದವನ ಏಣಿ ತಗುಲಿ ಆ ಫೋಟೋ ಕೆಳಗೆ ಬಿತ್ತು. ಗಾಜು ಚೂರುಚೂರಾಯಿತು. ಒಂದು ಚೂರು ನಟಿಯ ಕೆನ್ನೆಯನ್ನೇ ಸೀಳಿತ್ತು. ಬಣ್ಣದವನು ಕೈಮುಗಿದು ನಿಂತ. ಫೋನಕ್ಕ ಅವನಿಗೆ ಒಂದು ಮಾತೂ ಬಯ್ಯಲಿಲ್ಲ, ಆದರೆ ನೆಲದ ಮೇಲೆ ಕೂತು ಅತ್ತುಬಿಟ್ಟಳು. ಒಬ್ಬ ಸಿನಿಮಾದವಳಿಗಾಗಿ ಈ ವಯಸ್ಸಿನಲ್ಲಿ ಇಷ್ಟು ಅಳುವುದೇ ಎಂದು ಬಣ್ಣದವನಿಗೆ ಅನ್ನಿಸಿರಬೇಕು. ಅಮ್ಮನ ಕೈಯಿಂದ ಬಂದ ವಸ್ತು ಅಂತ ಅವಳ ಹತ್ತಿರ ಇದ್ದದ್ದು ಅದೊಂದೇ ಎಂದು ಅವನಿಗೇನು ಗೊತ್ತು?

ಚೂರುಗಳನ್ನು ಆರಿಸುವಾಗ ಹಿಂಬದಿಯ ಕಂದು ಕಾಗದ ಕಿತ್ತು ಬಂತು. ಒಳಗೆ, ಫೋಟೋದ ಬೆನ್ನಿನ ಮೇಲೆ, ಮಾಸಿದ ನೇರಳೆ ಮೊಹರು: ಸ್ಟುಡಿಯೋದ ಹೆಸರು, ಬೀದಿಯ ಹೆಸರು. ಬೀದಿ ಊರಿನ ಆ ತುದಿಯಲ್ಲಿತ್ತು. ಫೋನಕ್ಕ ಹರಿದ ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು.

ಸ್ಟುಡಿಯೋ ಇನ್ನೂ ಇತ್ತು, ಆದರೆ ಅರ್ಧಕ್ಕರ್ಧ ಜೆರಾಕ್ಸ್ ಅಂಗಡಿಯಾಗಿತ್ತು. ಗಲ್ಲಾದಲ್ಲಿ ಮನೆಯ ಸೊಸೆ ಕೂತು ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದಳು. ಒಳಗೆ ಫ್ಯಾನಿನ ಕೆಳಗೆ ಅವಳ ಮಾವ, ತೊಂಬತ್ತರ ಹತ್ತಿರದ ಹಳೆಯ ಫೋಟೋಗ್ರಾಫರ್, ಕಣ್ಣು ಮುಚ್ಚಿ ಕೂತಿದ್ದರು.

ಸೊಸೆ ಟವೆಲು ಬಿಚ್ಚಿ ನೋಡಿದಳು. "ಅಯ್ಯೋ ಆಂಟಿ, ಇದನ್ನ ಅಂಟಿಸೋಕೆ ಆಗಲ್ಲ. ಆದ್ರೆ ನೆಗೆಟಿವ್ ಇದ್ದೇ ಇರತ್ತೆ. ಈ ನಟಿ ನೆಗೆಟಿವ್ ಅಂದ್ರೆ ನಮ್ಮ ಮಾವನ ಪ್ರಾಣ. ಮನೇಲಿ ಬೆಂಕಿ ಬಿದ್ರೆ ಮೊದಲು ಆ ಡಬ್ಬ ಎತ್ಕೊಂಡು ಓಡ್ತಾರೆ, ಆಮೇಲೆ ನನ್ನ."

"ನಿನ್ನ ಎತ್ಕೊಂಡು ಓಡೋಕೆ ನನಗೆ ಶಕ್ತಿ ಎಲ್ಲಿದೆ ತಾಯಿ?" ಎಂದರು ಮುದುಕರು, ಕಣ್ಣು ತೆರೆಯದೆಯೇ. ಆಮೇಲೆ ತೆರೆದು, ಕೈಚಾಚಿ ಫೋಟೋ ಇಸಿದುಕೊಂಡರು. ಮುಂದೆ ನೋಡಿದರು, ಹಿಂದೆ ತಿರುಗಿಸಿ ನೋಡಿದರು. "ಇದು ಅಂಗಡೀಲಿ ಮಾರಿದ್ದಲ್ಲ. ಇಷ್ಟು ದೊಡ್ಡ ಅಳತೇಲಿ ಪ್ರಿಂಟ್ ಹಾಕಿದ್ದು ಎರಡೇ. ಒಂದು ಆ ನಟೀಗೆ ಕೊಟ್ಟೆ. ಇನ್ನೊಂದು ಪಕ್ಕದ ಅಂಗಡಿ ಹೊಲಿಗೆಯಮ್ಮನಿಗೆ. ನಿಮ್ಮ ಕೈಗೆ ಹೇಗೆ ಬಂತು?"

ಫೋನಕ್ಕ ಒಂದು ಹೆಜ್ಜೆ ಮುಂದೆ ಬಂದಳು. "ನಾನು ಆ ಹೊಲಿಗೆಯಮ್ಮನ ಮಗಳು," ಎಂದಳು.

ಮುದುಕರು ಮುಂದಕ್ಕೆ ಬಾಗಿ ಅವಳ ಮುಖ ನೋಡಿದರು. "ಆ ಗಲಾಟೆ ಮಗು ನೀನೇನಾ?" ಎಂದರು. ಬಹುವಚನ ತಾನಾಗಿ ಜಾರಿಹೋಗಿತ್ತು.

ಆಮೇಲೆ ಅವರು ಹೇಳಿದ್ದು ಇಷ್ಟು. ಆ ಕಾಲದ ಸ್ಟುಡಿಯೋ ದೀಪಗಳು ಒಲೆಯಷ್ಟು ಬಿಸಿ. ದೊಡ್ಡವರು ಬಂದಾಗ ಅವರನ್ನು ಕೂರಿಸಿಕೊಂಡು ದೀಪ ಸರಿಮಾಡುತ್ತಾ ಕೂತರೆ ಪೌಡರೆಲ್ಲ ಕರಗಿ ಇಳಿಯುತ್ತಿತ್ತು. ಹಾಗಾಗಿ ಮೊದಲು ಬೇರೆ ಯಾರನ್ನಾದರೂ ಕುರ್ಚಿಯಲ್ಲಿ ಕೂರಿಸಿ, ದೀಪ, ಫೋಕಸ್ ಎಲ್ಲ ಹೊಂದಿಸಿ, ಪರೀಕ್ಷೆಗೆಂದು ಒಂದು ಫೋಟೋ ಹೊಡೆದು, ಆಮೇಲೆ ದೊಡ್ಡವರನ್ನು ಕೂರಿಸುವುದು. ಪಕ್ಕದಲ್ಲೇ ಹೊಲಿಗೆ ಅಂಗಡಿ. ಕರೆದರೆ ಆ ಹೊಲಿಗೆಯಮ್ಮ ಮಿಷನ್ನು ಬಿಟ್ಟು ಬಂದು ಕೂರುತ್ತಿದ್ದಳು. ನಟಿ ಬಂದ ದಿನವೂ ಅವಳೇ ಕೂತದ್ದು.

"ಕೆಲಸ ಮುಗಿದ ಮೇಲೆ ಕೇಳ್ದೆ, ನಿನ್ನ ಫೋಟೋನೂ ಇದೆಯಮ್ಮ, ಪ್ರಿಂಟ್ ಹಾಕಿ ಕೊಡ್ಲಾ ಅಂತ. ಏನಂದಳು ಗೊತ್ತಾ? 'ನನ್ನ ಮುಖ ದಿನಾ ಕನ್ನಡೀಲಿ ನೋಡ್ತೀನಲ್ಲ ಸ್ವಾಮಿ, ಅದನ್ನ ಇಟ್ಕೊಂಡು ಏನ್ ಮಾಡ್ಲಿ? ಕೊಡೋದಾದ್ರೆ ಅವರದ್ದು ಕೊಡಿ' ಅಂದಳು. ಕೊಟ್ಟೆ."

ಫೋನಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇದ್ದ ಒಂದೇ ಅವಕಾಶವನ್ನು ಅಮ್ಮ ನಗುನಗುತ್ತಾ ಬೇರೆಯವಳಿಗೆ ಬಿಟ್ಟುಕೊಟ್ಟು ಬಂದಿದ್ದಳು. "ಆ ಪರೀಕ್ಷೆ ಫೋಟೋ?" ಎಂದಳು. ಊರಿಗೆಲ್ಲ ಗೊತ್ತಿದ್ದ ಆ ದನಿ ಈಗ ಪಿಸುಮಾತಾಗಿತ್ತು.

"ಅವನ್ನೆಲ್ಲ ಎಸೀತಿದ್ವಿ," ಎಂದರು ಮುದುಕರು.

ಫೋನಕ್ಕ ಟವೆಲನ್ನು ಮಡಿಸತೊಡಗಿದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

"ತಾಳು ತಾಳು, ಪೂರ್ತಿ ಕೇಳು. ಎಸೀತಿದ್ದದ್ದು ನಿಜ. ಆದ್ರೆ ಫಿಲ್ಮನ್ನ ಮೂರು ಮೂರು ಫೋಟೋಗೆ ಒಂದು ಪಟ್ಟಿ ಅಂತ ಕತ್ತರಿಸ್ತಿದ್ದೆ. ಮೊದಲನೇ ಪಟ್ಟೀಲಿ ಮೊದಲು ನಿಮ್ಮಮ್ಮ, ಅವಳಿಗೆ ಅಂಟಿಕೊಂಡೇ ನಟಿ. ನಟಿ ನೆಗೆಟಿವ್ ಅಂಚಿಗೆ ಕತ್ತರಿ ತಾಗಿಸೋಕೆ ನನಗೆ ಧೈರ್ಯ ಬರಲಿಲ್ಲ. ಹಾಗೇ ಇಟ್ಟೆ. ತಾಯಿ, ಆ ಡಬ್ಬ ತಾ."

ಸೊಸೆ ಆಗಲೇ ಬೀರುವಿನ ಮುಂದೆ ನಿಂತಿದ್ದಳು. ಡಬ್ಬದಿಂದ ಬೆಣ್ಣೆ ಕಾಗದದಲ್ಲಿ ಸುತ್ತಿದ ಪಟ್ಟಿಯನ್ನು ತೆಗೆದು, ಮೇಜಿನ ಮೇಲಿನ ಬೆಳಕಿನ ಹಲಗೆಯ ಮೇಲೆ ಇಟ್ಟಳು. "ನೋಡಿ ಆಂಟಿ."

ಫೋನಕ್ಕ ಬಗ್ಗಿದಳು. ನೆಗೆಟಿವ್ ಅಲ್ಲವೇ, ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಎಲ್ಲ ತಲೆಕೆಳಗು. ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು, ಅವಳ ತಲೆಗೂದಲು ಪೂರ್ತಿ ಬೆಳ್ಳಗಿತ್ತು. ಮುಪ್ಪನ್ನೇ ಕಾಣದೆ ಹೋದ ಅಮ್ಮ ಒಂದು ಗಳಿಗೆ ಮುದುಕಿಯಾಗಿ ಮಗಳ ಮುಂದೆ ಕೂತಿದ್ದಳು. ಬದುಕಿದ್ದರೆ ಹೀಗೇ ಇರುತ್ತಿದ್ದಳೇನೋ ಎಂದುಕೊಂಡು ಫೋನಕ್ಕ ಆ ಬಿಳಿ ಜಡೆಯನ್ನೇ ನೋಡಿದಳು.

ಸೊಸೆ ಮೊಬೈಲಿನಲ್ಲಿ ಪಟ್ಟಿಯ ಫೋಟೋ ತೆಗೆದು, ಏನೋ ಒತ್ತಿ, ಬಣ್ಣ ಸರಿಮಾಡಿ ಕೈಗೆ ಕೊಟ್ಟಳು.

ನಿಜ ಹೇಳಬೇಕೆಂದರೆ, ಮೊದಲು ಫೋನಕ್ಕನಿಗೆ ಏನೂ ಅನ್ನಿಸಲಿಲ್ಲ. ತನ್ನ ಮಗಳಿಗಿಂತ ಚಿಕ್ಕ ವಯಸ್ಸಿನ ಯಾವಳೋ ಹುಡುಗಿ. ಅಗಲ ಹಣೆ, ಸ್ವಲ್ಪ ಮುಂದೆ ಬಂದ ಹಲ್ಲು. ಗುರುತೇ ಹತ್ತಲಿಲ್ಲ. ಜೀವಮಾನವಿಡೀ ಕಾದದ್ದು ಈ ಅಪರಿಚಿತಳಿಗೋ?

ಆಮೇಲೆ ಒಂದೊಂದೇ ಕಾಣಿಸತೊಡಗಿತು. ಕೊರಳಲ್ಲಿ ಹಾಗೇ ನೇತಾಡುತ್ತಿರುವ ಅಳತೆ ಟೇಪು. ಎದೆಯ ಮೇಲೆ ಬಟ್ಟೆಗೆ ಚುಚ್ಚಿಕೊಂಡ ಸೂಜಿ, ಅದರಿಂದ ಇಳಿಬಿದ್ದ ದಾರ. ದೀಪದ ಕಂಬದ ಪಕ್ಕ ಸ್ಟೂಲಿನ ಮೇಲೆ ಯಾರೋ ಅರ್ಧ ಕುಡಿದಿಟ್ಟ ಚಹಾ. ನಟಿಗಾಗಿ ಹೊಂದಿಸಿದ ಬೆಳಕೆಲ್ಲ ಆ ಅಗಲ ಹಣೆಯ ಮೇಲೆ ಬಿದ್ದಿತ್ತು. ಹುಡುಗಿ ರಾಣಿಯ ಹಾಗೆ ಕೂರಲು ನೋಡುತ್ತಾ, ಅದಕ್ಕೆ ತನಗೇ ನಗು ಬಂದು ತುಟಿ ಕಚ್ಚಿಕೊಂಡಿದ್ದಳು. ಅವಳ ಎಡಗೈ ಮಾತ್ರ ರಾಣಿಯದ್ದಾಗಿರಲಿಲ್ಲ. ಅದು ಕುರ್ಚಿಯಿಂದ ಕೆಳಕ್ಕೆ ಚಾಚಿ, ಓಡಲು ನೋಡುತ್ತಿದ್ದ ಒಂದು ಮಗುವಿನ ಅಂಗಿಯ ಕಾಲರನ್ನು ಭದ್ರವಾಗಿ ಹಿಡಿದಿತ್ತು. ಮಗು ಫೋಟೋದ ಅಂಚಿನಲ್ಲಿ ಕತ್ತರಿಸಿಹೋಗಿತ್ತು. ಕಾಣುತ್ತಿದ್ದದ್ದು ಒಂದು ಕಿವಿ.

"ಒಂದು ಕಡೆ ನಿಲ್ತಿರಲಿಲ್ಲ ನೀನು," ಎಂದರು ಮುದುಕರು.

ಫೋನಕ್ಕನ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು. ಅಷ್ಟು ಹೊತ್ತು ತಡೆದದ್ದೆಲ್ಲ ಒಡೆದು ಬಂತು. ಅತ್ತಳು, ನಕ್ಕಳು, ಮುದುಕರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನಿಮ್ಮ ಋಣ ಹೇಗೆ ತೀರಿಸಲಿ ಯಜಮಾನರೇ?"

"ನಾನೇನು ಮಾಡ್ದೆ? ಆ ನಟಿ ಅಷ್ಟು ದೊಡ್ಡವಳಾಗದೆ ಇದ್ದಿದ್ರೆ ಈ ಪಟ್ಟಿನೂ ಕಸಕ್ಕೇ ಹೋಗ್ತಿತ್ತು," ಎಂದರು ಅವರು.

ಸೊಸೆಯ ಕಣ್ಣೂ ಒದ್ದೆಯಾಗಿತ್ತು. ಆದರೂ ಅಂಗಡಿ ನಡೆಸುವವಳು, ಕೆಲಸದ ಮಾತೇ ಆಡಿದಳು. "ಆಂಟಿ, ಅಮ್ಮನದ್ದನ್ನ ದೊಡ್ಡದು ಮಾಡಿ ಕೊಡ್ತೀನಿ. ಆ ದೀಪದ ಕಂಬ, ಚಹಾ, ಈ ಕಡೆ ಅಂಚು ಎಲ್ಲ ಕತ್ತರಿಸಿಬಿಡ್ಲಾ? ನೀಟಾಗಿ ಕಾಣತ್ತೆ. ನಟಿ ಇದ್ದ ಜಾಗದಲ್ಲೇ ಹಾಕಿದ್ರಾಯ್ತು."

"ಏನನ್ನೂ ಕತ್ತರಿಸಬೇಡ," ಎಂದಳು ಫೋನಕ್ಕ. "ಪಟ್ಟೀಲಿ ಹೇಗಿದ್ದಾರೋ ಹಾಗೇ ಇಬ್ಬರನ್ನೂ ಅಕ್ಕಪಕ್ಕ ಒಂದೇ ಕಟ್ಟಿನಲ್ಲಿ ಹಾಕಿಕೊಡು. ಅಷ್ಟು ವರ್ಷ ನನಗೆ ತಾಯಿಯಾಗಿದ್ದೋಳು ಅವಳು. ಈಗ ಅಮ್ಮ ಸಿಕ್ಕಳು ಅಂತ ಗೋಡೆಯಿಂದ ಇಳಿಸೋಕಾಗತ್ತಾ?"

ಹೊಸ ಬಣ್ಣದ ಗೋಡೆಯ ಮೇಲೆ, ಹಳೆಯ ಮೊಳೆಗೇ, ಹೊಸ ಕಟ್ಟು ಏರಿತು. ಒಂದೇ ಕುರ್ಚಿ, ಒಂದೇ ಬೆಳಕು, ನಡುವೆ ಒಂದು ತೆಳು ಗೆರೆ. ಮಾರನೆಯ ಬೆಳಿಗ್ಗೆ ಫೋನಕ್ಕ ಚೀಲ ಹಿಡಿದು ತರಕಾರಿಗೆ ಹೊರಟಳು. ಬಾಗಿಲ ಬಳಿ ನಿಂತು ತಿರುಗಿದಳು.

"ಹೋಗ್ ಬರ್ತೀನಮ್ಮ," ಎಂದಳು ಅಳತೆ ಟೇಪಿನವಳಿಗೆ. ಆಮೇಲೆ ಪಕ್ಕದವಳಿಗೂ ಹೇಳಿದಳು.