ಮಾರಮ್ಮನ ಪಾಲಿನ ದಾಳಿಂಬೆ

ಸುಮನಾಗೆ ಸಿಕ್ಕುವುದು ಭಾನುವಾರವೊಂದೇ. ವಾರವಿಡೀ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ನಿಂತು ನಿಂತು ಬಾತುಹೋದ ಕಾಲು ಎಳೆದುಕೊಂಡು ಹಿತ್ತಿಲಿಗೆ ಬಂದಳು. ಅಲ್ಲಿ ಪೇಂಟಿನ ಡಬ್ಬದಲ್ಲೊಂದು ದಾಳಿಂಬೆ ಗಿಡ. ಬುಡದಿಂದಲೇ ಎರಡು ಕಾಂಡ, ಒಂದು ದಪ್ಪ, ಒಂದು ಸಣಕಲು. ಬೇರು ತುಂಬಿ ಡಬ್ಬ ಬಿರಿದಿತ್ತು, ಎಲೆ ಹಳದಿಗೆ ತಿರುಗಿತ್ತು. ಇನ್ನೂ ಬಿಡಿಸಿ ನೆಡದಿದ್ದರೆ ಎರಡೂ ಉಳಿಯುವುದಿಲ್ಲ.

ಹೋದ ವರ್ಷ ಮಗಳು ಸಿರಿ ಡೆಂಗಿ ಜ್ವರದಲ್ಲಿ ಆಸ್ಪತ್ರೆ ಸೇರಿದಾಗ ಸುಮನಾ ದಪ್ಪ ಕಾಂಡಕ್ಕೆ ಅರಿಶಿನದ ದಾರ ಕಟ್ಟಿ, ಇದು ಊರ ಮಾರಮ್ಮನ ಗುಡಿಗೆ ಎಂದು ಹರಕೆ ಹೊತ್ತಿದ್ದಳು. ಮಗು ಎದ್ದು ಓಡಾಡಿತು. ಹರಕೆ ಮಾತ್ರ ಓವರ್‌ಟೈಮಿನಲ್ಲಿ ಹಿಂದೆ ಬಿತ್ತು.

ಡಬ್ಬ ಸೀಳಿ ಮಣ್ಣು ಉದುರಿಸಿದಾಗ ಅವಳ ಕೈ ನಿಂತಿತು. ಬೇರುಗಳೆಲ್ಲ ದಪ್ಪ ಕಾಂಡದ್ದೇ. ಸಣಕಲಿಗೆ ಇದ್ದದ್ದು ಬೆರಳುದ್ದದ ಎರಡು ಎಳೆ.

"ದಪ್ಪದ್ದ ಕೊಟ್ಬುಟ್ರೆ ಮನೇಲಿ ಏನೂ ಉಳಿಯಾಕಿಲ್ಲ," ಎಂದ ಗಂಡ ನಟರಾಜು. "ದಾರ ಬಿಚ್ಚಿ ಈ ಸಣಕಲಿಗೆ ಕಟ್ಟು. ಮಾರಮ್ಮ ಏನ್ ಸ್ಕೇಲ್ ಇಟ್ಕಂಡು ಅಳೀತಾಳಾ?"

"ದೇವ್ರಿಗೆ ಕೊಡೋವಾಗ್ಲೂ ಚೌಕಾಸಿ ಮಾಡ್ತಾನೆ ನೋಡು, ಅವರಪ್ಪನ ಥರಾನೇ," ಎಂದಳು ಬಾಗಿಲಲ್ಲಿ ಕೂತಿದ್ದ ಅತ್ತೆ ಮಾಯಮ್ಮ.

ತನಗೆಂದು ಸುಮನಾ ಬೆಳೆಸಿಕೊಂಡದ್ದು ಆ ಗಿಡವೊಂದೇ. ಯೋಚಿಸುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಮಚ್ಚಿನಿಂದ ಬುಡ ಸೀಳಿದಳು, ದಾರ ಬಿಚ್ಚಿ ಸಣಕಲಿಗೆ ಕಟ್ಟಿದಳು. ದಪ್ಪದ್ದನ್ನು ಹೊಸ ಕುಂಡಕ್ಕಿಟ್ಟು, ಸಣಕಲನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಗುಡಿಯ ಮುಂದೆ ಒಯ್ದು ನೆಟ್ಟಳು.

ಪೂಜಾರಿ ಬೋರಲಿಂಗಯ್ಯ ಬಗ್ಗಿ ನೋಡಿದ. "ಇದೇನವ್ವ, ಕಡ್ಡಿ ಊರ್ದಂಗೈತೆ. ನಾನು ಬರೋದು ಮಂಗಳವಾರ, ಶುಕ್ರವಾರ. ನೀರು ಯಾರು ಹುಯ್ತಾರೆ?"

"ನಾನೇ ಬತ್ತೀನಿ ಬುಡಿ ಪೂಜಾರಪ್ಪ."

ಅಂದಿನಿಂದ ಅವಳು ಅರ್ಧ ಗಂಟೆ ಮುಂಚೆ ಏಳತೊಡಗಿದಳು. ಫ್ಯಾಕ್ಟರಿ ಬಸ್ಸು ಆರಕ್ಕೆ. ಅದಕ್ಕೆ ಮೊದಲು ಬಿಂದಿಗೆ ಹೊತ್ತು ಗುಡಿಗೆ ಹೋಗಿ ನೀರು ಬಿಟ್ಟು, ಬಿಸಿಲು ತಾಗದಂತೆ ತೆಂಗಿನ ಗರಿ ಸರಿಸಿಡುವಳು. ಇದ್ದ ಎಲೆಗಳೂ ಉದುರಿದವು. ಕಡ್ಡಿಯನ್ನು ಉಗುರಿನಿಂದ ಗೀರಿ ಒಳಗೆ ಹಸಿರಿದೆಯೇ ಎಂದು ನೋಡುವಳು. "ಕಳ್ಳಾಟ ಆಡ್ದೆ ಕಣವ್ವ. ಇದೊಂದ ಉಳಿಸ್ಕೊ," ಎಂದಷ್ಟೇ ಮಾರಮ್ಮನನ್ನು ಕೇಳಿಕೊಳ್ಳುವಳು. ಮನೆಯ ಕುಂಡದ ಕಡೆ ನೋಡಲು ಹೊತ್ತೇ ಇರುತ್ತಿರಲಿಲ್ಲ. ಅಕ್ಕಿ ತೊಳೆದ ನೀರನ್ನು ಮಾಯಮ್ಮನೇ ಅದಕ್ಕೆ ಹಾಕುತ್ತಿದ್ದಳು. ಅದು ತನ್ನ ಪಾಡಿಗೆ ತಾನು ಹಬ್ಬುತ್ತಿತ್ತು.

ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಆ ಕಡ್ಡಿಯ ಗೆಣ್ಣಿನಲ್ಲಿ ಎಳ್ಳಿನಷ್ಟು ಕೆಂಪು ಚಿಗುರು ಕಂಡಿತು. ಸುಮನಾ ಗುಡಿಯ ಗೋಡೆಗೆ ಒರಗಿ ಕೂತಳು. ಕಣ್ಣು ತೆರೆದಾಗ ಬಸ್ಸು ಹೋಗಿತ್ತು. ಹುಡುಕಿಕೊಂಡು ಬಂದ ಮಾಯಮ್ಮ ಪಕ್ಕದಲ್ಲಿ ಕೂತಿದ್ದಳು.

"ದೊಡ್ಡದನ್ನೇ ಕೊಟ್ಟಿದ್ರೆ ಅದರ ಪಾಡಿಗೆ ಅದು ಹತ್ಕಳೋದು, ನೀನು ಮನೇಲೇ ಒಸಿ ಮಲಗ್ಬೋದಾಗಿತ್ತಲ್ಲವ್ವ."

"ಹೂಂ ಕಣತ್ತೆ," ಎಂದಳು ಸುಮನಾ. ಚಿಗುರು ತೋರಿಸಬೇಕೆಂದುಕೊಂಡಳು, ಕೈ ಏಳಲಿಲ್ಲ. ಮಾಯಮ್ಮ ಗಿಡಕ್ಕೆ ನೀರು ತರಲು ಬಿಂದಿಗೆ ಎತ್ತಿಕೊಂಡು ಕೊಳಾಯಿಯ ಕಡೆ ನಡೆದಳು.