ಎಡಗಡೆಯ ಗಾಜು

ನಮ್ಮ ಅತ್ತೆಗೆ ಗಾಡಿ ಹತ್ತಿದರೆ ವಾಂತಿ. ಬಸ್ಸಾಗಲಿ, ಕಾರಾಗಲಿ, ಎರಡನೇ ತಿರುವಿಗೇ ಮುಖ ಹುಳ್ಳಗಾಗುತ್ತದೆ. ಜಗತ್ತಿನಲ್ಲಿ ಅವರಿಗೆ ಒಗ್ಗುವ ವಾಹನ ಒಂದೇ, ನಮ್ಮ ಮನೆಯವರು ಮೇಜು ಮಂಚ ಸಾಗಿಸುವ ಹಳೇ ಟ್ರಕ್ಕು. ಅದರ ಎಡಗಡೆ ಸೀಟಿನಲ್ಲಿ ಎತ್ತರಕ್ಕೆ ಕೂತು, ಗಾಜು ಪೂರ್ತಿ ಇಳಿಸಿಕೊಂಡು, ಮುಖಕ್ಕೆ ಗಾಳಿ ಹೊಡೆಸಿಕೊಂಡರೆ ಎಷ್ಟು ದೂರ ಬೇಕಾದರೂ ಮಹಾರಾಣಿಯ ಹಾಗೆ ಬರುತ್ತಾರೆ.

ಆ ಗಾಜೇ ಕೈಕೊಟ್ಟಿತ್ತು. ಕೊಂಡ ಕಾಲಕ್ಕೆ ಸ್ವಿಚ್ಚಿನ ಕಿಟಕಿ ಅಂತ ಏನು ಜಂಬ ನಮ್ಮವರಿಗೆ! ಈಗ ಸ್ವಿಚ್ ಒತ್ತಿದರೆ ಒಳಗೆ ಮೋಟಾರು ಗೊರ್ ಅನ್ನುತ್ತಿತ್ತು, ಮುಚ್ಚಿಕೊಂಡ ಗಾಜು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ. ಅದೂ ಯಾವಾಗ? ನನ್ನ ಮಗಳು ಹೆತ್ತು ಎರಡು ತಿಂಗಳಾಗಿ, ಮಾರನೆಯ ಬೆಳಿಗ್ಗೆ ಮಗು ನೋಡಲು ನಾವು ಹೊರಡಬೇಕಾಗಿದ್ದಾಗ. ಐದು ಗಂಟೆಯ ದಾರಿ. ಎಂಬತ್ತಮೂರು ವರ್ಷದ ಅತ್ತೆ ಚೀಲ ಕಟ್ಟಿಟ್ಟು ಆಗಲೇ ಮೂರು ದಿನವಾಗಿತ್ತು.

ಗ್ಯಾರೇಜಿನವನು ಬಾಗಿಲು ತಟ್ಟಿ ನೋಡಿ, "ಇದಕ್ಕೆ ಪಾರ್ಟು ಸಿಗಲ್ಲ ಅಕ್ಕಾ. ತರಿಸೋಕೆ ಒಂದು ತಿಂಗಳಾದ್ರೂ ಬೇಕು" ಅಂದ.

"ಮುಂದಿನ ತಿಂಗಳು ಹೋದ್ರಾಯ್ತು ಬಿಡಮ್ಮ" ಅಂದರು ನಮ್ಮವರು, ಎಮ್ಮೆ ಮೇಲೆ ಮಳೆ ಸುರಿದ ಹಾಗೆ.

ಅತ್ತೆ ಒಳಗೆ ಹೋಗಿ ಚೀಲ ಬಿಚ್ಚತೊಡಗಿದರು. "ನನ್ನ ವಯಸ್ಸಿಗೆ ಮುಂದಿನ ತಿಂಗಳು ಅಂತ ಒಂದು ಇರುತ್ತೇನೇ?" ಅಂದರು ನನಗೆ.

ಮೂವತ್ತು ವರ್ಷ ಈ ಮುದುಕಿಯೂ ನಾನೂ ಹಾವು ಮುಂಗುಸಿಯ ಹಾಗೆ ಬಾಳಿದ್ದೇವೆ. ಆದರೂ ನನ್ನ ಕರುಳು ಚುರುಕ್ಕೆಂದಿತು. "ಕಟ್ಟಿ ಚೀಲಾನ! ನಾಳೆ ಹೊರಡ್ತೀವಿ" ಅಂತ ರೇಗಿದೆ.

ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವಳು. ಸ್ಕ್ರೂಡ್ರೈವರ್ ಹಿಡಿದು ಬಾಗಿಲಿನ ಒಳಹಲಗೆ ಕಿತ್ತೆ. ಮೋಟಾರು ಗುಂಡುಕಲ್ಲಿನ ಹಾಗಿತ್ತು. ಗಾಜನ್ನು ಎಳೆಯುವ ಉಕ್ಕಿನ ತಂತಿ ತುಂಡಾಗಿ, ರಾಟೆಗೆ ಗೋಜಲಾಗಿ ಸಿಕ್ಕಿಕೊಂಡಿತ್ತು.

"ಇಷ್ಟೇನಾ! ಬಾಬಿನ್‌ಗೆ ದಾರ ಸುತ್ತೋ ಕೆಲಸ ತಾನೆ?" ಅಂದೆ.

"ಗೊತ್ತಿಲ್ದೆ ಕೈ ಹಾಕಬೇಡ, ಇರೋ ಗಾಜೂ ಹೋಗುತ್ತೆ" ಅಂದರು ನಮ್ಮವರು.

"ನೀವು ಸುಮ್ನೆ ಟಾರ್ಚ್ ಹಿಡೀರಿ."

ಸೈಕಲ್ ಬ್ರೇಕಿನ ಹೊಸ ತಂತಿ ತಂದು, ಅಳತೆಗೆ ಕತ್ತರಿಸಿ, ಬಾಬಿನ್‌ಗೆ ಸುತ್ತುವ ಹಾಗೇ ಬಿಗಿಯಾಗಿ ರಾಟೆಗೆ ಸುತ್ತಿದೆ. ಕೈಯೆಲ್ಲ ಮಸಿ. ಸಂಜೆಗೆ ಮುಂಚೆ ಎಲ್ಲ ಜೋಡಿಸಿ, ಅತ್ತೆಯನ್ನು ಸೀಟಿನಲ್ಲಿ ಕೂರಿಸಿ, "ಇಳಿಸಿ" ಅಂದೆ. ಅತ್ತೆ ಒತ್ತಿದರು. ಮೋಟಾರು ಮುಕ್ಕಿರಿಯಿತು, ಗಾಜು ಇದ್ದಲ್ಲೇ ಇತ್ತು. 

"ನಾನು ಹೇಳ್ಲಿಲ್ವಾ?" ಅಂದರು ನಮ್ಮವರು.

ಅತ್ತೆಗೆ ಸಿಟ್ಟು ಬಂದು, ಸ್ವಿಚ್ಚಿನಲ್ಲಿ ಗಾಜು ಏರಿಸುವ ಮೇಲಿನ ತುದಿಯನ್ನೇ ಗುದ್ದಿದರು. ಗಾಜು ಜುಂಯ್ ಅಂತ ಪೂರ್ತಿ ಕೆಳಗಿಳಿಯಿತು!

ಮೂವರೂ ಬಾಯಿ ಬಿಟ್ಟು ನೋಡಿದೆವು. ಆಮೇಲೆ ಹೊಳೆಯಿತು: ಬಾಬಿನ್ ತಿರುಗುವ ದಿಕ್ಕಿಗೇ ನನ್ನ ಕೈ ಪಳಗಿದೆ, ರಾಟೆಗೆ ತಂತಿ ಸುತ್ತಬೇಕಾಗಿದ್ದದ್ದು ಅದಕ್ಕೆ ತಿರುಗಾಮುರುಗಾ. ನಮ್ಮವರು ನಗುತ್ತಾ ನಗುತ್ತಾ ನೆಲದ ಮೇಲೆ ಕೂತುಬಿಟ್ಟರು. "ಏರು ಅಂದ್ರೆ ಇಳಿಯುತ್ತೆ! ಥೇಟ್ ನಿನ್ನ ಹಾಗೇ ಕಣೆ, ಹೇಳಿದ್ದಕ್ಕೆಲ್ಲ ಉಲ್ಟಾ!"

ಸ್ವಿಚ್ಚಿನ ಎರಡು ವೈರು ಅದಲುಬದಲು ಮಾಡಿದರೆ ಸರಿಹೋಗುತ್ತಿತ್ತು. ಕೈ ಹಾಕಲು ಹೋದರೆ ಅತ್ತೆ ಬಿಡಲಿಲ್ಲ. "ಮುಟ್ಟಬೇಡ! ಸೊಸೆ ಜೊತೆ ಇಷ್ಟು ವರ್ಷ ಏಗಿದೀನಿ, ಒಂದು ಸ್ವಿಚ್ ಜೊತೆ ಏಗೋಕಾಗಲ್ವಾ?"

ಮಾರನೆಯ ದಿನ ದಾರಿಯುದ್ದಕ್ಕೂ ಅತ್ತೆ ಆ ಗಾಜು ಏರಿಸಲೇ ಇಲ್ಲ. ನಡುವಿನ ಸೀಟಿನಲ್ಲಿ ನಾನು ಚಳಿಗಾಳಿಗೆ ಗಡಗಡ ನಡುಗುತ್ತಿದ್ದೆ. ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿಕೊಂಡು, ಎದುರಿಗೆ ಬಂದ ಲಾರಿಗಳಿಗೆಲ್ಲ ಕೈ ಬೀಸುತ್ತಾ ಬಂದರು. ಐದು ಗಂಟೆಯಲ್ಲಿ ಒಮ್ಮೆಯೂ ಹೊಟ್ಟೆ ತೊಳಸಲಿಲ್ಲ.

ಟ್ರಕ್ಕು ನಿಲ್ಲುವುದೇ ತಡ, ಮಗಳು ಮಗುವನ್ನೆತ್ತಿಕೊಂಡು ಓಡಿಬಂದಳು. ಅತ್ತೆಯ ಮಂಡಿಗೆ ಟ್ರಕ್ಕಿನಿಂದ ಇಳಿಯುವುದೆಂದರೆ ಕಾಲು ಗಂಟೆಯ ಕೆಲಸ. ಅಷ್ಟು ತಾಳ್ಮೆ ಯಾರಿಗಿದೆ? ಎರಡೂ ಕೈ ಕಿಟಕಿಯಾಚೆ ಚಾಚಿ, "ಇಲ್ಲೇ ಕೊಡೇ!" ಅಂದರು. ಮಗಳು ಫುಟ್‌ಬೋರ್ಡ್ ಹತ್ತಿ ಮಗುವನ್ನು ಕಿಟಕಿಯೊಳಗೆ ಅವರ ಮಡಿಲಿಗಿಟ್ಟಳು.

ಅತ್ತೆ ಮಗುವಿನ ನೆತ್ತಿ ಮೂಸಿದರು. ಆಮೇಲೆ ಮಗುವಿನ ಮುಖವನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿ, "ನೋಡೋ ಪುಟ್ಟಾ, ನಿಮ್ಮಜ್ಜಿ. ಇವಳು ಇಲ್ದಿದ್ರೆ ನಾನು ನಿನ್ನ ನೋಡ್ತಿರಲಿಲ್ಲ" ಅಂದರು.

ನನ್ನ ಮುಂದೆ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಎಂಥ ಖುಷಿ ಅಂತೀರಿ, ಆ ಸೀಟಿನಲ್ಲೇ ಕೂತು ಗಳಗಳ ಅತ್ತುಬಿಟ್ಟೆ.